ನನ್ನ ಕಾರ್ಬೊರೇಟರು, ಸಿದ್ದಲಿಂಗವ್ವನ ಶರತ್ತು

ಶಿಗ್ಲಿಯಲ್ಲಿ ನನ್ನ ಅಂಬಾಸಡರ್ ಕಾರನ್ನು ಬೈಯದವರಿಲ್ಲ. ಬೈಯುವವರೆಲ್ಲ ಒಂದಿಲ್ಲೊಂದು ದಿನ ಅದನ್ನು ನೂಕಿದವರೇ, ಹಾಗಾಗಿ ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ನನ್ನ ಹೆಂಡತಿ ಸಿದ್ದಲಿಂಗವ್ವನ ಮೇಲೆ. ಅವಳು ಒಮ್ಮೆಯೂ ನೂಕಿಲ್ಲ, ಒಳಗೆ ಕೂತೇ ಬೈಯುತ್ತಾಳೆ.

ಮದುವೆಯಾಗಿ ಅವಳನ್ನು ಕರೆತಂದ ದಿನವೇ ಈ ಕಾರು ಶಿರಹಟ್ಟಿ ಹತ್ತಿರ ಬೇವಿನ ಮರದ ಕೆಳಗೆ ಕೈಕೊಟ್ಟಿತ್ತು. ಉಳಿದವರು ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೋದರು. ನಾವಿಬ್ಬರೇ ಮರದಡಿ ಕೂತು ತವರಿನ ಬುತ್ತಿಯಲ್ಲಿದ್ದ ಕರ್ಜಿಕಾಯಿಯನ್ನೆಲ್ಲ ತಿಂದು ಮುಗಿಸಿದ್ದೆವು. ಆ ಕತೆಯನ್ನು ಅವಳು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ, ನನ್ನ ಮುಂದೆಯೇ.

ಈ ಸಲ ಬೈದು ಸುಮ್ಮನಾಗಲಿಲ್ಲ, ಶರತ್ತು ಹಾಕಿದಳು. ತವರೂರು ಹಿರೇವಡ್ಡಟ್ಟಿಯಲ್ಲಿ ಅವಳ ತಮ್ಮನ ಮಗಳು ಶೀತಲ್ ಬಸುರಿ, ಭಾನುವಾರ ಅವಳಿಗೆ ಸೀಮಂತ, ಕುಬಸದ ಕಾರ್ಯ.

"ಹೊತ್ತು ನೆತ್ತಿಗೆ ಬರೂದ್ರಾಗ ನಿಮ್ಮ ಕಾರು ನನ್ನ ಹಿರೇವಡ್ಡಟ್ಟಿಗೆ ಮುಟ್ಟಿಸ್ಬೇಕು. ಇಲ್ಲಂದ್ರ ಸೋಮವಾರ ಗುಜರಿ ಜಾವೀದಗ ಕೊಟ್ಟಬಿಡ್ರಿ. ಅಂಗಳದಾಗ ಶ್ಯಾವಗಿ ಒಣಗಸಾಕರ ಜಾಗಾ ಆಕ್ಕತಿ."

ಮೆಣಸಿನಕಾಯಿ ವ್ಯಾಪಾರದಲ್ಲಿ ಕೂದಲು ಬೆಳ್ಳಗಾದವನು ನಾನು. ಸುಮ್ಮಸುಮ್ಮನೆ ಮಾತು ಕೊಡಬಾರದೆಂದು ಗೊತ್ತಿದ್ದೂ ಸಿಟ್ಟಿನಲ್ಲಿ "ಆತು" ಅಂದುಬಿಟ್ಟೆ.

ಕಾರಿನ ರೋಗವೆಲ್ಲ ಕಾರ್ಬೊರೇಟರಿನಲ್ಲಿತ್ತು. ಗಾಳಿ, ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಉಣಿಸುವುದು ಅದೇ. ಗದಗಿನ ಇನಾಯತನ ಕಡೆ ಪೂರ್ತಿ ಬಿಚ್ಚಿಸಿ, ತೊಳೆಸಿ, ಒಳಗೆ ಸವೆದದ್ದನ್ನೆಲ್ಲ ಹೊಸದು ಹಾಕಿಸಿ, ಶನಿವಾರ ಸಂಜೆ ಬಿಳಿ ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಬಂದೆ. ದೇವರ ಮನೆಯ ಕಟ್ಟೆಯ ಮೇಲಿಟ್ಟದ್ದೇ ತಡ, ಸಿದ್ದಲಿಂಗವ್ವ ಕೂಗಿದಳು.

"ಪೆಟ್ರೋಲ್ ನಾರತೈತಿ, ದೇವರಿಗೂ ನೆಗಡಿ ಬಂದೀತು. ತಗೀರಿ ಅದನ್ನ!"

ಪಡಸಾಲೆಯಲ್ಲಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಗಂಟು ನಾನು ಹಾಕಿದ ಹಾಗಿರಲಿಲ್ಲ. ಬೆಕ್ಕು ಎಳೆದಾಡಿರಬೇಕು ಅಂದುಕೊಂಡೆ. ಬೆಕ್ಕು ಗಂಟು ಹಾಕುವುದಿಲ್ಲ ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ಲಕ್ಷ್ಮೇಶ್ವರದಿಂದ ಮೆಕ್ಯಾನಿಕ್ ದಸ್ತಗೀರಸಾಬ ಬಂದ. ಅವನ ಹಿಂದೆಯೇ ಗುಜರಿ ಜಾವೀದನೂ ಬಂದ. "ಸುಮ್ನ ನೋಡಾಕ ಬಂದೇನ್ರಿ," ಅನ್ನುತ್ತ ಕಾರಿನ ಬಾಗಿಲನ್ನು ಬೆರಳಿನಿಂದ ಕಟ್ ಕಟ್ ಅಂತ ಬಾರಿಸಿ ತಗಡಿನ ದಪ್ಪ ನೋಡತೊಡಗಿದ. ನನ್ನ ಮೈ ಉರಿಯಿತು.

ದಸ್ತಗೀರಸಾಬ ಹಳೆಯ ಪ್ಯಾಕಿಂಗ್ ಕೆರೆದು ತೆಗೆದ. ಹೊಸದನ್ನಿಟ್ಟು, ಕಾರ್ಬೊರೇಟರ್ ಕೂರಿಸಿ, ನಟ್ಟು ಬಿಗಿದ. ಪೆಟ್ರೋಲ್ ಪೈಪು, ಚೋಕ್ ವೈರು ಜೋಡಿಸಿದ. ಗಾಳಿ, ಪೆಟ್ರೋಲಿನ ಹದ ಮಾಡುವ ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸಿ, ಮೆಲ್ಲಗೆ ಸ್ವಲ್ಪ ಹೊರಗೆ ಬಿಟ್ಟ.

"ಹಚ್ರಿ ಸಾವಕಾರ್ರ!"

ಹಚ್ಚಿದೆ. ಎಂಜಿನ್ನು ಕೆಮ್ಮಿತು, ಅಂಗಳದ ತುಂಬ ಕಪ್ಪು ಹೊಗೆ ಬಿಟ್ಟಿತು, ಸತ್ತಿತು. ಕಾರ್ಬೊರೇಟರಿನಿಂದ ಪೆಟ್ರೋಲು ತೊಟತೊಟ ಸುರಿಯಿತು. ಒರೆಸಿ, ಪ್ಲಗ್ಗು ಒಣಗಿಸಿ, ಸ್ಕ್ರೂ ಇನ್ನಷ್ಟು ತಿರುಗಿಸಿ ಮತ್ತೆ ಹಚ್ಚಿದರೂ ಅದೇ ಕೆಮ್ಮು, ಅದೇ ಹೊಗೆ. ಜಾವೀದ ಈಗ ಬಂಪರನ್ನು ಬಾರಿಸುತ್ತಿದ್ದ.

ಸಿದ್ದಲಿಂಗವ್ವ ಇಳಕಲ್ ಸೀರೆ ಉಟ್ಟು, ಕುಬಸದ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಹಿರೇವಡ್ಡಟ್ಟಿ ದಾರಿಯ ಮುಂಡರಗಿ ಬಸ್ಸು ಬಂತು. "ಹೋಗು ಹಂಗಾರ!" ಅಂದೆ. ಚಪ್ಪಲಿ ಕಾಣುತ್ತಿಲ್ಲ ಅಂದಳು. ಬಸ್ಸು ಹೋಯಿತು. ಚಪ್ಪಲಿ ಅವಳ ಕಾಲಲ್ಲೇ ಇದ್ದವು. ನಾನು ಸೋಲುವುದನ್ನು ಕಣ್ಣಾರೆ ನೋಡಲೆಂದೇ ನಿಂತಿದ್ದಾಳೆ ಅನ್ನಿಸಿ ಇನ್ನಷ್ಟು ಸಿಟ್ಟು ಬಂತು. ಅಲ್ಲಿಲ್ಲದ ಗದಗಿನ ಇನಾಯತನನ್ನು ಬೈದು ಸಿಟ್ಟು ತೀರಿಸಿಕೊಂಡೆ.

"ತಡೀರಿ," ಅಂದ ದಸ್ತಗೀರಸಾಬ, ಕಾರ್ಬೊರೇಟರಿನ ಮುಚ್ಚಳ ಬಿಚ್ಚುತ್ತ. "ಒಳಗ ಪೆಟ್ರೋಲ್ ತುಂಬಿದ ಕೂಡ್ಲೇ ಈ ಸೂಜಿ ಬಾಗಲಾ ಹಾಕಬೇಕ್ರಿ. ನಡುವ ಏನೋ ಸಿಕ್ಕೊಂಡೈತಿ."

ಅಂಗೈ ಮೇಲೆ ಅದನ್ನು ಬಡಿದ. ಮುರಿದ ಅಕ್ಕಿಕಾಳೊಂದು ಉದುರಿತು.

"ಇನಾಯತ ಉಣ್ಕೋಂತ ಜೋಡಿಸ್ಯಾನೇನು?" ಅಂತ ಕೂಗಿದೆ.

"ಅನ್ನ ಅಲ್ರಿ, ಹಸೀ ಅಕ್ಕಿ."

"ಹಂಗಾರ ಇಲಿ ತಂದು ಹಾಕೈತಿ!"

ಜಾವೀದ ಬಗ್ಗಿ ನೋಡಿದ. "ಇಲಿ ಅಕ್ಕಿಗೆ ಅರಿಶಿಣಾ ಹಚ್ಚತೈತೇನ್ರಿ?"

ಖರೆ, ಕಾಳು ಹಳದಿ ಇತ್ತು. ಮೂವರೂ ಹೊಸ್ತಿಲ ಕಡೆ ತಿರುಗಿದೆವು. ಸಿದ್ದಲಿಂಗವ್ವ ಸೆರಗು ಸರಿಮಾಡಿಕೊಂಡಳು.

"ಮನಿಗೆ ವಸ್ತು ಬಂದ್ರ ಕಾಳು ಹಾಕದ ಬಿಡತಾರೇನ್ರಿ? ಕಾರು ಚಾಲೂ ಆಗಲಿ ಅಂತ ರಾತ್ರಿ ಗಂಟು ಬಿಚ್ಚಿ, ದೇವರ ಮುಂದಿಟ್ಟು ನಾಕು ಅಕ್ಷತಿ ಕಾಳು ಹಾಕಿದ್ನಿ. ಅದಕ್ಕ ಮೈತುಂಬ ತೂತು ಇರತಾವಂತ ನನಗೇನು ಗೊತ್ತು?"

"ಗುಜರಿಗೆ ಹಾಕ್ರಿ ಅಂದಾಕಿ ನೀನ ಅಲ್ಲೇನು?"

"ಅಂದೇನಿ, ಈಗೂ ಅಂತೇನಿ. ಮದಲ ಆ ಕಾಳು ತಗದು ಕೂಡಸ್ರಿ, ಜಲ್ದಿ!"

ಮೈಮೇಲೆಲ್ಲ ಪೆಟ್ರೋಲು, ಮೂಗಿನ ತುಂಬ ಹೊಗೆ. ಆದರೂ ನನಗೆ ಎಷ್ಟು ಸಂತೋಷವಾಯಿತೆಂದರೆ, ಜಾವೀದನಿಗೂ ಒಂದು ಕಪ್ ಚಹಾ ಕೊಡು ಅಂದೆ.

ಸೂಜಿಯ ಬಾಯಿ ಊದಿ ಮುಚ್ಚಳ ಹಾಕಿದ ಮೇಲೆ ಎಂಜಿನ್ನು ಒಂದೇ ಸಲಕ್ಕೆ ಹತ್ತಿತು. ದಸ್ತಗೀರಸಾಬ ತನ್ನ ಪಾಲಿನ ಚಹಾ ಕುಡಿಯಲಿಲ್ಲ, ತುಂಬಿದ ಗ್ಲಾಸನ್ನು ಎಂಜಿನ್ ಮೇಲಿಟ್ಟ. ಚಹಾ ಕುಣಿಯಿತು, ಅಂಚಿಗೆ ಬಂತು. ಕಿವಿಗೊಟ್ಟು ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದ, ಮತ್ತೆ ಅಷ್ಟೇ ಹಿಂದೆ ಬಿಟ್ಟ. ಗ್ಲಾಸಿನಲ್ಲಿ ಚಹಾ ನಿಧಾನಕ್ಕೆ ನಿಂತಿತು. ಆಮೇಲೆ ಅದನ್ನು ಎತ್ತಿ ಕುಡಿದ. ಜಾವೀದ ನಮ್ಮ ಗೇಟು ತೆರೆದು ಹಿಡಿದ.

ಶಿರಹಟ್ಟಿ ಬರುವವರೆಗೆ ಕಾರು ಒಮ್ಮೆಯೂ ಕೆಮ್ಮಲಿಲ್ಲ, ಸಿದ್ದಲಿಂಗವ್ವ ಒಮ್ಮೆಯೂ ಬೈಯಲಿಲ್ಲ. ಎರಡೂ ಒಟ್ಟಿಗೆ ನಡೆದದ್ದು ಅದೇ ಮೊದಲು. ದೂರದಲ್ಲಿ ಬೇವಿನ ಮರ ಕಂಡಾಗ ಅವಳು ಬಾಯಿಬಿಟ್ಟಳು.

"ಆ ಗಿಡದ ಹಂತ್ಯಾಕ ಸ್ವಲ್ಪ ನಿಲ್ಲಸ್ರಿ."

"ಹೊತ್ತು ಏರಾಕತ್ತೈತಿ. ನಿಂತ್ರ ಶರತ್ತು ಸೋತೇನಿ!"

"ಶರತ್ತು ಹಾಕಿದಾಕಿ ನಾನ ಅಲ್ಲೇನ್ರಿ," ಅಂದಳು ಸಿದ್ದಲಿಂಗವ್ವ, ತೊಡೆಯ ಮೇಲಿನ ಬುತ್ತಿ ಬಿಚ್ಚುತ್ತ. "ನಿಲ್ಲಸ್ರಿ. ಕರ್ಜಿಕಾಯಿ ತಂದೇನಿ."