ಎರಡು ಬಾಗಿಲಿನ ದೀಪ

ಬ್ಯಾಟರಿಯವನು ಬಾನೆಟ್ಟಿನೊಳಗೆ ತಲೆ ತೂರಿಸಿ ಕ್ಲಿಪ್ಪು ಬಿಗಿಯುತ್ತಿದ್ದಾಗ, ಹೊರಗೆ ಶವದ ಗಾಡಿಯ ಡ್ರೈವರ್ ಮತ್ತೊಮ್ಮೆ ಹಾರ್ನ್ ಹೊಡೆದ.

“ಹೊಡ್ಕೊಳ್ಳಲಿ ಬಿಡಮ್ಮ. ಅದರಲ್ಲಿ ಮಲಗಿರೋನಿಗೇ ಅವಸರ ಇಲ್ಲ, ಇವನಿಗೇನು?” ಎಂದ ಬ್ಯಾಟರಿಯವನು ತಲೆ ಎತ್ತದೆಯೇ.

ಮಲಗಿದ್ದವನು ವೈರಿಂಗ್ ಮಿಸ್ತ್ರಿ. ಹಳೇ ಕಾರುಗಳ ಬ್ಯಾಟರಿ, ವೈರಿಂಗನ್ನು ಆರು ವೋಲ್ಟಿನಿಂದ ಹನ್ನೆರಡಕ್ಕೆ ತರುವುದೇ ಅವನ ಕಸುಬು. ಎಷ್ಟೋ ಕಾರುಗಳ ಹೊಟ್ಟೆಗೆ ಕೈ ಹಾಕಿದವನು. ಆ ಕಾರಿನವರಲ್ಲಿ ಒಬ್ಬರಾದರೂ ಬರಬೇಡವೇ? ಬಂದದ್ದು ಪಕ್ಕದಂಗಡಿಯ ಈ ಬ್ಯಾಟರಿಯವನು ಮತ್ತು ಮಿಸ್ತ್ರಿಯ ತಂಗಿ, ಅಷ್ಟೇ.

ಅಣ್ಣನ ಹಿಂದೆ ಅಣ್ಣನ ಕಾರಿನಲ್ಲೇ ಹೋಗಬೇಕೆಂದು ತಂಗಿ ಹಟ ಹಿಡಿದಿದ್ದಳು. ಶೆಡ್ಡಿನ ಕತ್ತಲಲ್ಲಿ ಸೆರಗು ಹಿಂಡುತ್ತಾ ನಿಂತಿದ್ದವಳು ಕೊನೆಗೆ ಕೇಳಿಯೇಬಿಟ್ಟಳು.

“ಅಣ್ಣಂಗೆ ನನ್ನ ಮೇಲೆ ಕೋಪ ಇತ್ತಾ?”

“ಅವನು ಬಾಯಿಬಿಟ್ಟು ಏನು ತಾನೆ ಹೇಳ್ತಿದ್ದ? ನಂಗೊತ್ತಿಲ್ಲಮ್ಮ.”

*

ಅಪ್ಪನ ಕಾಲದಲ್ಲಿ ಈ ಕಾರು ತಳ್ಳದೆ ಹೊರಟದ್ದೇ ಇಲ್ಲ. ತಳ್ಳುವ ಕೆಲಸ ತಂಗಿಯದು. ಹೊರಟ ಮೇಲೆ ಓಡಿ ಬಂದು ಅಣ್ಣನ ಪಕ್ಕ ಹತ್ತಿ ಕೂರುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಅಣ್ಣನ ಫೋನ್ ಬಂತು.

“ಹನ್ನೆರಡು ವೋಲ್ಟ್ ಮಾಡಿದೀನಿ ಕಣೇ. ಇನ್ನು ಮಹಾರಾಣಿ ತಳ್ಳೋ ಹಾಗಿಲ್ಲ, ಬಂದು ಕೂತರೆ ಸಾಕು. ಒಂದು ಸುತ್ತು ಹೋಗಿಬರೋಣ ಬಾ.”

“ಮಕ್ಕಳ ಪರೀಕ್ಷೆ ಮುಗೀಲಿ ಅಣ್ಣ, ಬರ್ತೀನಿ.”

ಪರೀಕ್ಷೆ ಮುಗಿಯಿತು, ಆ ಮಕ್ಕಳ ಮದುವೆಯೂ ಮುಗಿಯಿತು. ಫೋನ್ ಮಾಡಿದಾಗಲೆಲ್ಲ ಅಣ್ಣ ಕೇಳುತ್ತಿದ್ದ. ಆಮೇಲೊಂದು ದಿನ ಕೇಳುವುದನ್ನು ಬಿಟ್ಟ. ಬಿಟ್ಟದ್ದೇ ಅವಳನ್ನು ಇಷ್ಟು ದಿನ ಕೊರೆಯುತ್ತಿತ್ತು.

*

ಬ್ಯಾಟರಿಯವನು ಬಾನೆಟ್ ಮುಚ್ಚಿ, ಬಟ್ಟೆಯಲ್ಲಿ ಕೈ ಒರೆಸಿಕೊಂಡ.

“ಹಾರ್ನು, ವೈಪರು, ರೇಡಿಯೋ ಎಲ್ಲಾ ಆರು ವೋಲ್ಟಿನವು. ಹನ್ನೆರಡು ಕೊಟ್ಟರೆ ಸುಟ್ಟು ಹೋಗ್ತವೆ. ಕರೆಂಟು ಇಳಿಸೋಕೆ ನಿಮ್ಮಣ್ಣ ಒಂದೊಂದಕ್ಕೂ ರೆಸಿಸ್ಟರ್ ಹಾಕ್ದ. ಬಾಗಿಲು ತೆಗೆದರೆ ಒಳಗೆ ಹತ್ತೋ ದೀಪಕ್ಕೆ ಮಾತ್ರ ಹಾಕ್ಲಿಲ್ಲ, ಪುಣ್ಯಾತ್ಮ.”

“ಯಾಕೆ?”

“ಎರಡು ಬಾಗಿಲಿಗೆ ಎರಡು ದೀಪ. ಎರಡನ್ನೂ ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಜೋಡಿಸಿದ. ಒಂದಕ್ಕೆ ಆರು, ಇನ್ನೊಂದಕ್ಕೆ ಆರು. ಲೆಕ್ಕವೇನೋ ಸರಿ. ಆದ್ರೆ ಒಂದೇ ಬಾಗಿಲು ತೆಗೆದರೆ ಯಾವುದೂ ಹತ್ತಲ್ಲ, ಎರಡೂ ತೆಗೀಬೇಕು. ‘ಒಂಟಿ ಸಲಗ ನೀನು, ಆ ಕಡೆ ಬಾಗಿಲು ಯಾರಪ್ಪ ತೆಗೀತಾರೆ?’ ಅಂತ ರೇಗಿಸ್ದೆ.”

“ಏನಂದ?”

“‘ತೆಗೆಯೋರು ಬರ್ತಾರೆ ಬಿಡು’ ಅಂದ. ಜೋಡಿಸಿದ ದಿನ ಉರಿದದ್ದು ನೋಡಿದ್ದೆ. ಈಗ ಕಿಲುಬು ಹಿಡಿದು ಕೂತಿರುತ್ತೆ. ಹತ್ತಮ್ಮ, ಹೊರಡೋಣ.”

ಅವನು ಸ್ಟೀರಿಂಗಿನ ಕಡೆಯ ಬಾಗಿಲು ತೆಗೆದ. ಕಾರಿನೊಳಗೆ ಕತ್ತಲೆಯೇ ಇತ್ತು. ತಂಗಿ ಈಚೆಯ ಬಾಗಿಲಿನ ಹಿಡಿ ಎಳೆದಳು.

ಎರಡೂ ದೀಪ ಒಟ್ಟಿಗೇ ಹೊತ್ತಿಕೊಂಡವು.

ಬ್ಯಾಟರಿಯವನು ಬಗ್ಗಿ ನೋಡಿದ. ದೀಪದ ಹಿತ್ತಾಳೆ ಬುಡದಲ್ಲಿ ಒಂದು ಚುಕ್ಕೆ ಕಿಲುಬಿರಲಿಲ್ಲ. “ಮೊನ್ನೆ ಮೊನ್ನೆ ಉಜ್ಜಿದಾನೆ ಕಣಮ್ಮ,” ಎಂದ ಮೆಲ್ಲಗೆ.

ಪಕ್ಕದ ಸೀಟಿನ ಹೊದಿಕೆ ಮಾಸಿರಲಿಲ್ಲ. ಗಿಡ್ಡ ಕಾಲಿನವರಿಗೆಂದು ಅದನ್ನು ಪೂರಾ ಮುಂದಕ್ಕೆ ಎಳೆದಿಟ್ಟಿತ್ತು. ತಂಗಿ ಕೂತಳು; ಕಾಲು ಸರಿಯಾಗಿ ನೆಲಕ್ಕೆ ತಾಕಿತು. ಆಗ ಅವಳಿಗೆ ತಡೆಯಲಾಗದಷ್ಟು ಅಳು ಬಂತು.

ಹೊರಗೆ ಮತ್ತೆ ಹಾರ್ನ್ ಕೇಳಿಸಿತು.

“ಬಾಗಿಲು ಹಾಕಮ್ಮ.”

ಅವಳು ಹಾಕಲಿಲ್ಲ. ಅಂಗೈಯಿಂದ ಬಾಗಿಲನ್ನು ತಡೆದು ಹಿಡಿದು, ಆ ಹಳದಿ ಬೆಳಕನ್ನೇ ನೋಡುತ್ತಾ ಕೂತಳು. ತನ್ನ ಕಡೆಯ ಬಾಗಿಲು ಎಳೆದುಕೊಳ್ಳಲು ಕೈ ಚಾಚಿದ್ದ ಬ್ಯಾಟರಿಯವನು, ಕೈಯನ್ನು ಹಿಂದಕ್ಕೆ ತೆಗೆದುಕೊಂಡ.