ಮುತ್ತವ್ವನ ಎರಡನೇ ಫಿಲ್ಮು

ಬ್ಯಾಡಗಿ ಪೇಟೆಯಲ್ಲಿ ನನ್ನ ಕಣ್ಣಿಗೆ ಹೆಸರಿತ್ತು. ರಾಶಿಗೆ ಕೈ ಹಾಕಿ ಒಂದು ಹಿಡಿ ಮೆಣಸಿನಕಾಯಿ ಎತ್ತಿ, ಒಂದನ್ನು ಮುರಿದು ನೋಡಿದರೆ ಸಾಕು, ನೂರು ಚೀಲದ ಹಣೆಬರಹ ಹೇಳುತ್ತಿದ್ದೆ. ಟೆಂಡರ್ ಚೀಟಿಯಲ್ಲಿ ದರ ಬರೆದ ಮೇಲೆ ಎರಡನೇ ಸಲ ನೋಡುವವರನ್ನು ಕಂಡರೆ ನನಗೆ ನಗು. "ವಿರೂಪಾಕ್ಷಪ್ಪ ಒಮ್ಮೆ ನೋಡಿದ್ರ ಮುಗೀತು" ಎಂದು ಜನ ಅನ್ನುತ್ತಿದ್ದರು. ಆ ಸೊಕ್ಕನ್ನು ಮನೆಗೂ ತಂದೆ, ಪಾಪಿ.

2005ರ ಜನವರಿ, ಸುಗ್ಗಿಯ ಕಾಲ. ಹೆಂಡತಿ ಮುತ್ತವ್ವ ರಾಣೇಬೆನ್ನೂರಿನಲ್ಲಿ ದವಡೆಹಲ್ಲು ಕೀಳಿಸಿಕೊಂಡು ಬಂದ ವಾರಕ್ಕೆ ಗಲ್ಲ ಊದಿತು. ಮತ್ತೆ ಕರೆದೊಯ್ದೆ. ಡಾಕ್ಟರು ಎಕ್ಸ್‌ರೇ ತೆಗೆದು ಫಿಲ್ಮನ್ನು ಬೆಳಕಿಗೆ ಹಿಡಿದರು.

"ಈಗ ಎಲುಬಿನ್ಯಾಗ ಏನೂ ಕಾಣವಲ್ದು. ಆದ್ರ ಇವರಿಗೆ ಸಕ್ಕರಿ ಬ್ಯಾನಿ ಐತಿ. ಎಲುಬಿಗೆ ಕೀವು ಹತ್ತಿದ್ರ ಫಿಲ್ಮಿನ್ಯಾಗ ಲಗೂ ಕಾಣಂಗಿಲ್ಲ. ಹದಿನೈದು ದಿನಕ್ಕ ಬರ್ರಿ, ಇನ್ನೊಂದು ತಗಿಯೂಣು."

ನನ್ನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಮಾಲು ನೋಡಿಯಾಯಿತು, ಚೊಕ್ಕ ಇದೆ. ಇನ್ನೊಂದು ಯಾಕೆ?

ಅವಳು ನೋವು ಎಂದಾಗಲೆಲ್ಲ ಫಿಲ್ಮನ್ನು ಕಿಟಕಿಗೆ ಹಿಡಿದು ತೋರಿಸುತ್ತಿದ್ದೆ. "ನೋಡು, ಎಲ್ಲೈತಿ? ಇಲ್ಲದ ಬ್ಯಾನಿ ಯಾಕ ತಂದ್ಕೋತಿ?"

"ಫೋಟೋದಾಗ ಇಲ್ಲಂದ್ರ ಇರಂಗಿಲ್ಲ ಬಿಡ್ರಿ," ಎಂದಳು ಒಂದು ದಿನ. ಆಮೇಲೆ ನೋವಿನ ಮಾತೇ ಎತ್ತಲಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ನುಂಗುತ್ತಿದ್ದಳು. ಸದಾ ಸೆರಗನ್ನು ಗಲ್ಲಕ್ಕೆ ಒತ್ತಿಕೊಂಡಿರುತ್ತಿದ್ದಳು. ಸುಗ್ಗಿಯಲ್ಲಿ ಮೆಣಸಿನಕಾಯಿಯ ಘಾಟಿಗೆ ಇಡೀ ಬ್ಯಾಡಗಿಯೇ ಮೂಗು ಬಾಯಿ ಮುಚ್ಚಿಕೊಂಡು ಓಡಾಡುತ್ತದೆ. ಇದೂ ಅದೇ ಎಂದುಕೊಂಡೆ.

ಯುಗಾದಿಗೆ ಬಂದ ಮಗಳು ಸುರೇಖಾ ಆ ಸೆರಗು ಸರಿಸಿದಳು. ಗದ್ದದ ಕೆಳಗೆ ತೂತು ಬಿದ್ದು ಕೀವು ಸೋರುತ್ತಿತ್ತು.

"ಅಪ್ಪಾ, ನಿನಗ ಕಣ್ಣಿಲ್ಲೇನು?" ಎಂದು ಚೀರಿದಳು.

ಹಾವೇರಿಗೆ ಓಡಿದೆವು. ಅಲ್ಲಿನ ಡಾಕ್ಟರು ರಾಣೇಬೆನ್ನೂರಿನ ಚೀಟಿ ಓದಿ, ಹಳೆಯ ಫಿಲ್ಮು, ಹೊಸ ಫಿಲ್ಮು ಎರಡನ್ನೂ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಹೊಸದರಲ್ಲಿ ದವಡೆ ಗೆದ್ದಲು ತಿಂದ ಕಟ್ಟಿಗೆಯ ಹಾಗಿತ್ತು. ನಡುವೆ ಸತ್ತ ಎಲುಬಿನ ಚೂರೊಂದು ಬೇರೆಯಾಗಿ ಬೆಳ್ಳಗೆ ಕಾಣುತ್ತಿತ್ತು.

"ಹದಿನೈದು ದಿನಕ್ಕ ಯಾಕ ಹೋಗ್ಲಿಲ್ರಿ? ಕೀವು ಕುತ್ತಿಗಿಗೆ ಇಳದೈತಿ. ಈಗಿಂದೀಗ ಹುಬ್ಬಳ್ಳಿಗೆ ಒಯ್ರಿ," ಎಂದರು.

ಮುತ್ತವ್ವ ಆ ಹೊಸ ಫಿಲ್ಮನ್ನೇ ನೋಡುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಹಗುರಾಗಿತ್ತು. ಬಾಯಿ ತೆರೆಯಲಾಗದೆ, ಹಲ್ಲು ಕಚ್ಚಿದ ಹಾಗೇ ನನ್ನನ್ನು ಕೇಳಿದಳು.

"ಹಂಗಾರ ನಾ ಸುಳ್ಳ ಹೇಳಿರ್ಲಿಲ್ಲ, ಹೌದಲ್ರಿ?"

ಹೌದು ಅನ್ನುವುದನ್ನು ಹುಬ್ಬಳ್ಳಿಗೆ ಮುಟ್ಟಿದ ಮೇಲೆ ಹೇಳಿದರಾಯಿತು ಎಂದುಕೊಂಡು ಗಾಡಿ ಕರೆಯಲು ಹೊರಗೆ ಓಡಿದೆ. ಗಾಡಿಯಲ್ಲಿ ಅವಳಿಗೆ ಎಚ್ಚರ ತಪ್ಪಿತು. ಮತ್ತೆ ಕಣ್ಣು ತೆರೆಯಲಿಲ್ಲ.