ಅಂಗಾಲು ಅರಿತ ನೆಲ

ಕೆಲವು ದಿನ ಚಿಕ್ಕಮ್ಮನ ಮನೆಯಲ್ಲಿದ್ದು ಹಿಂತಿರುಗಿದ ಅಕ್ಕ, ಚಪ್ಪಲಿ ಕಳಚಿ ಹಜಾರದ ಮರದ ನೆಲಕ್ಕೆ ಬರಿಗಾಲಿಟ್ಟಳು. ಹುಟ್ಟುಗುರುಡಿಯಾದ ಅವಳಿಗೆ ಆ ನೆಲವೇ ಕಣ್ಣು. ಕಿಟಕಿಯ ಬಳಿ ಸೀಳಿದ ಹಲಗೆ, ನಡುವೆ ಸವೆದ ತಗ್ಗು, ಅಡುಗೆಮನೆಗೆ ಇಳಿಯುವ ಮೆಟ್ಟಿಲಿಗೆ ಮೊದಲು ಉಬ್ಬಿನಿಂತ ಹಲಗೆ. ಇವುಗಳ ಬಲದಿಂದಲೇ ಅವಳು ಕೋಲನ್ನಾಗಲಿ ಪರರ ತೋಳನ್ನಾಗಲಿ ಆಶ್ರಯಿಸದೆ ಬಾಳಿದ್ದಳು.

ಇಂದು ಏನೋ ಬೇರೆಯೆನಿಸಿತು. ಆದರೂ ಉಬ್ಬು ತಗಲುವ ತನಕ ನಡೆಯುವುದು ಕಾಲಿನ ರೂಢಿ. ಉಬ್ಬು ತಗಲಲೇ ಇಲ್ಲ. ಮುಂದಿನ ಹೆಜ್ಜೆಗೆ ನೆಲವೂ ಇರಲಿಲ್ಲ. ಕೈಗೆ ಸಿಕ್ಕ ಕಂಬಿಯನ್ನು ಬಿಗಿಹಿಡಿದು ಮೆಟ್ಟಿಲ ಮೇಲೆ ಕುಸಿದಳು.

ಸದ್ದಿಗೆ ತಮ್ಮ ಓಡಿಬಂದ. "ಜಾರಿದ್ಯಾ? ನೋಡಕ್ಕ, ನೆಲ ಹೇಗೆ ಕನ್ನಡಿ ಥರ ಆಗಿದೆ!"

"ಯಾರಿಗೆ ನೋಡು ಅಂತಿದೀಯೋ?"

ತಮ್ಮ ನಾಲಿಗೆ ಕಚ್ಚಿಕೊಂಡ. ಹೆಮ್ಮೆ ಮಾತ್ರ ಅಡಗಲಿಲ್ಲ. ಮೇಸ್ತ್ರಿ ಕೇಳಿದ ಕೂಲಿಗೆ ಬೆದರಿ, ಉಜ್ಜುವ ಯಂತ್ರವನ್ನು ಬಾಡಿಗೆಗೆ ತಂದು, ಒರಟು ಮರಳುಕಾಗದದಿಂದ ನಯವಾದುದರವರೆಗೆ ತಾನೇ ಮಂಡಿಯೂರಿ ತಿಕ್ಕಿದ ಸಾಹಸವನ್ನು ವರ್ಣಿಸಿದ. ಉಬ್ಬಿದ ಹಲಗೆ ಬೆಣ್ಣೆಯಂತೆ ಕರಗಿತಂತೆ. ಇನ್ನು ವಾರ್ನಿಷ್ ಒಂದೇ ಬಾಕಿ.

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ನಿನ್ನ ಕಾಲಿಗೆ ಚುಚ್ಚಬಾರ್ದು ಅಂತಾನೇ ಮಾಡಿದ್ದು. ಬಿಟ್ಟಿ ದುಡಿದವನಿಗೆ ಬೈಗುಳ ಬೇರೆ!"

"ಲೋ, ಬೀಳ್ತಿದ್ದೆ ಕಣೋ! ತಲೆ ಒಡೀತಿತ್ತು!"

"ಅಷ್ಟಕ್ಕೇ ಯಾಕೆ ರಂಪ? ಇನ್ಮೇಲೆ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ."

ಕುಸಿದಾಗ ಉರಿಯದ ಮೈ ಈ ಕರುಣೆಗೆ ಧಗ್ಗೆಂದು ಉರಿಯಿತು.

"ನೀರು ಕುಡಿಯೋಕೂ ನಿನ್ನನ್ನೇ ಕೂಗ್ಲಾ? ಬಚ್ಚಲಿಗೂ ಕೂಗ್ಲಾ? ನೀನು 'ಬಂದೆ ಇರಕ್ಕ' ಅಂತ ಹೆಂಡ್ತಿ ಜೊತೆ ಹರಟೆ ಹೊಡೀತಿರು, ನಾನು ಗೊಂಬೆ ಥರ ಕೂತಿರ್ತೀನಿ! ಉಳಿ ತಾ. ಸುತ್ತಿಗೇನೂ ತಾ."

"ಯಾಕೆ?"

"ತಾ ಅಂದೆ!"

ತಂದುಕೊಟ್ಟ. ಅಕ್ಕ ಮಂಡಿಯೂರಿ, ಮೆಟ್ಟಿಲ ಅಂಚನ್ನು ಕೈಯಲ್ಲಿ ತಡವಿ, ಅಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿದು, ಹಲಗೆಗೆ ಅಡ್ಡಲಾಗಿ ಉಳಿಯಿಟ್ಟಳು. ಮೊದಲ ಪೆಟ್ಟಿಗೇ ತಮ್ಮ ಚೀರಿದ.

"ಅಯ್ಯೋ, ನನ್ನ ನೆಲ!"

"ನಿನ್ನದಾ?"

ಎರಡನೆಯ ಪೆಟ್ಟು ಇನ್ನೂ ಬಲವಾಗಿತ್ತು. ಚಕ್ಕೆ ಎದ್ದು ತಮ್ಮನ ಪಾದಕ್ಕೆ ಸಿಡಿಯಿತು. ಅವನು ಹಿಂದೆ ಸರಿದ; ಉಳಿಗೆ ಕೈ ಹಾಕುವ ಧೈರ್ಯ ಅವನಿಗಾಗಲಿಲ್ಲ. ಗೋಡೆಯಿಂದ ಗೋಡೆಗೆ ಗೀರು ಕೊರೆದು, ಎದ್ದು ನಿಂತು, ಅಂಗಾಲಿನಿಂದ ಅದರ ಆಳವನ್ನು ಪರೀಕ್ಷಿಸಿ, ಸಾಲದೆಂದು ಅಕ್ಕ ಮತ್ತೆ ಮಂಡಿಯೂರಿದಳು.

"ಇದರೊಳಗೆ ಒಂದು ಹನಿ ವಾರ್ನಿಷ್ ಬಿದ್ರೂ," ಎಂದಳು ತಲೆಯೆತ್ತದೆ, "ಡಬ್ಬೀನೇ ನಿನ್ನ ತಲೆ ಮೇಲೆ ಸುರೀತೀನಿ."